ಇಲಿಗೆ ಜಾತಿ ಇಲ್ಲ, ಚರಂಡಿಗೆ ಇದೆ

ಮಂಗಳೂರಲ್ಲಿ ಮಳೆ ಹಿಡೀತು ಅಂದ್ರೆ ಇಲಿ ಜ್ವರದ ಮಾತು ಶುರು. ಮನೆ ಸುತ್ತ ಚೊಕ್ಕಟವಾಗಿಡಿ ಅಂತ ಉಪದೇಶ. ಗೋದಾಮು, ಹೋಟೆಲುಗಳ ಹಿಂದೆ ಇಲಿ ಸಾಕಿದವರು ಯಾರು? ಆ ಕೆಸರಿಗೆ ಇಳಿಯುವವರು ಯಾರು? ಈ ಊರಿನ ಕಸ, ಚರಂಡಿಯಲ್ಲಿ ತಲೆಮಾರುಗಳಿಂದ ದುಡಿದವರು ಕೊರಗರು, ದಲಿತರು.

ರೋಗದ ದಾರಿ ನಮಗೆ ಗೊತ್ತಿರಬೇಕು. ಲೆಪ್ಟೊಸ್ಪೈರಾ ಎಂಬ ರೋಗಾಣು ಇಲಿಯ ಉಚ್ಚೆಯಿಂದ ನೀರಿಗೆ ಸೇರುತ್ತದೆ. ಕಾಲಿನ ಗಾಯ, ಒಡೆದ ಹಿಮ್ಮಡಿ ಅದಕ್ಕೆ ಬಾಗಿಲು. ಜ್ವರ, ಮೀನಖಂಡದ ನೋವು, ಕೆಂಗಣ್ಣು. ತಡವಾದರೆ ಕಾಮಾಲೆ, ಮೂತ್ರಪಿಂಡಕ್ಕೆ ಪೆಟ್ಟು, ಸಾವು. 1915ರಲ್ಲಿ ಜಪಾನಿನ ಇನಾಡಾ ಈ ರೋಗಾಣುವನ್ನು ಕಂಡದ್ದೂ ಗಣಿ ಕೂಲಿಗಳ ರಕ್ತದಲ್ಲೇ.

ಇಲಿಯಿಂದಲೇ ಬರುವ ಹಂಟಾ ವೈರಸ್ಸಿಗೆ ನಿರ್ದಿಷ್ಟ ಔಷಧಿ ಇಲ್ಲ. ಇಲಿ ಜ್ವರಕ್ಕೆ ಇದೆ. ಬೇಗ ಕೊಟ್ಟರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಜೀವ ಉಳಿಸುತ್ತವೆ. ಔಷಧಿ ಇರುವ ರೋಗಕ್ಕೆ ಕೂಲಿ ಸತ್ತರೆ ಅದನ್ನು ವಿಧಿ ಅನ್ನಬೇಕೆ?

2013ರ ಕಾಯ್ದೆ ರಕ್ಷಣಾ ಸಾಮಗ್ರಿ ಕೊಡದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ ಅನ್ನುತ್ತೆ. ತೆರೆದ ಚರಂಡಿಯ ಹೂಳೆತ್ತುವವನ ಕಾಲಿಗೂ ಬೂಟು ಬೇಕು, ಕೈಗೆ ಗವಸು ಬೇಕು, ಮಳೆಗಾಲದಲ್ಲಿ ಡಾಕ್ಟರು ಹೇಳಿದಂತೆ ವಾರದ ಮಾತ್ರೆ ಬೇಕು. ಜ್ವರದ ದಿನ ಸಂಬಳ ಸಮೇತ ರಜೆ ಬೇಕು. ಇದು ಭಿಕ್ಷೆಯಲ್ಲ, ನಮ್ಮ ಹಕ್ಕು.

ಹಾಸ್ಟೆಲಿನ ಗೆಳೆಯರೇ, ಮನೇಲಿ ಜ್ವರ ಬಂದರೆ ಕಾಯಬೇಡಿ, ವೆನ್‌ಲಾಕ್‌ಗೆ ಕರಕೊಂಡು ಹೋಗಿ. ಅಪ್ಪನ ಕೆಲಸ ಏನು ಅಂತ ಡಾಕ್ಟರು ಕೇಳಿದರೆ ನಾಚಿ ಮುಚ್ಚಿಡಬೇಡಿ. ಚರಂಡಿ ಕೆಲಸ ಅಂತ ಗಟ್ಟಿಯಾಗಿ ಹೇಳಿ. ರೋಗದ ಗುರುತು ಆ ಮಾತಲ್ಲೇ ಇದೆ. ನಾಚಬೇಕಾದವರು ಬರಿಗಾಲಲ್ಲಿ ಇಳಿಸಿದವರು.