ಶೋಕ ಸಾಕು, ಆರ್ಡರ್ ಬೇಕು

ಕಂಪನಿಯೊಂದು ತನ್ನ ಯಾವುದೋ ಫಿಲಂ ಇನ್ನು ತಯಾರಾಗುವುದಿಲ್ಲ ಎಂದು ಪ್ರಕಟಿಸಿದರೆ ಮುಂದೆ ಏನಾಗುತ್ತದೆ ಎಂಬುದು ಈಗ ಎಲ್ಲರಿಗೂ ಬಾಯಿಪಾಠ. ಮೊದಲ ದಿನ ಸಂತಾಪ. ಎರಡನೆಯ ದಿನ ಕಂಪನಿಗೆ ಬೈಗುಳ. ಮೂರನೆಯ ದಿನ ಅಂಗಡಿಯಲ್ಲಿ ಉಳಿದ ಪೆಟ್ಟಿಗೆಗಳಿಗೆ ನೂಕುನುಗ್ಗಲು. ಆಮೇಲೆ ಆ ಪೆಟ್ಟಿಗೆಗಳು ಫ್ರಿಜ್ ಸೇರುತ್ತವೆ, ತಿಂಗಳೊಳಗೆ ಎಲ್ಲ ತಣ್ಣಗಾಗುತ್ತದೆ. 2012ರಲ್ಲಿ ಕೊಡಾಕ್ ಸ್ಲೈಡ್ ಫಿಲಂಗಳನ್ನೆಲ್ಲ ಕೈಬಿಟ್ಟಾಗ ಹೀಗೆಯೇ ಆಯಿತು. 2018ರಲ್ಲಿ ಫ್ಯೂಜಿಫಿಲಂ ತನ್ನ ಕಪ್ಪು-ಬಿಳುಪು ಆಕ್ರೋಸ್ ನಿಲ್ಲಿಸಿದಾಗಲೂ ಹೀಗೆಯೇ. ಈ ಶೋಕದಲ್ಲಿ ಸುಳ್ಳಿಲ್ಲ. ಆದರೆ ಶೋಕದಿಂದ ಒಂದು ಹಾಳೆ ಫಿಲಂ ಕೂಡ ಉಳಿದಿಲ್ಲ. ಎಲ್ಲಿ ಫಿಲಂ ಉಳಿದಿದೆಯೋ ಅಲ್ಲಿ ಅದನ್ನು ಉಳಿಸಿದ್ದು ಮುಂಚಿತವಾಗಿ ಕೊಟ್ಟ ಮಾತು: ಇಷ್ಟು ಕೊಳ್ಳುತ್ತೇವೆ, ಬರುವ ವರ್ಷವೂ ಕೊಳ್ಳುತ್ತೇವೆ.

ಈ ಮಾತು ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸುವುದು ಲಾರ್ಜ್ ಫಾರ್ಮ್ಯಾಟ್ ಛಾಯಾಗ್ರಾಹಕರಿಗೆ. ಅವರ ಕ್ಯಾಮೆರಾ ಎಂದರೆ ಮುಂದೊಂದು ಲೆನ್ಸ್, ಹಿಂದೊಂದು ಉಜ್ಜಿದ ಗಾಜು, ನಡುವೆ ಹಾರ್ಮೋನಿಯಂ ತಿದಿಯಂಥ ಬೆಲ್ಲೋಸ್. ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಬಿಂಬ ನೋಡಿ ಫೋಕಸ್ ಮಾಡಬೇಕು. ಬಾರಾಮತಿಯಿಂದ ಬಳ್ಳಾರಿವರೆಗೆ ಊರೂರಿನ ಸ್ಟುಡಿಯೋಗಳಲ್ಲಿ ಅಜ್ಜ ಅಜ್ಜಿಯರ ಫೋಟೋ ತೆಗೆದದ್ದು ಇದೇ ಜಾತಿಯ ಮರದ ಪ್ಲೇಟ್ ಕ್ಯಾಮೆರಾಗಳು. ಇದಕ್ಕೆ ರೀಲು ಸಾಲದು, ಬಿಡಿ ಬಿಡಿ ಹಾಳೆಗಳ ಶೀಟ್ ಫಿಲಂ ಬೇಕು. 4×5 ಇಂಚು ಅಥವಾ 8×10 ಇಂಚು ಸಾಮಾನ್ಯ ಅಳತೆ. ಒಂದು ಹಾಳೆಗೆ ಒಂದೇ ಚಿತ್ರ. ಇವತ್ತು ಬಾರಾಮತಿಯಲ್ಲಿ ಕೂತು ಇಂಥದೊಂದು ಪೆಟ್ಟಿಗೆ ಬೇಕೆಂದರೆ ಊರ ಅಂಗಡಿಯವರು ಮುಖ ನೋಡುತ್ತಾರೆ. ನೂರು ಕಿಲೋಮೀಟರ್ ದೂರದ ಪುಣೆಗೆ ಹೋದರೂ ಸಿಗುವುದು ವಿದೇಶದಿಂದ ಬಂದದ್ದೇ. ದೇಶದೊಳಗೆ ಅದನ್ನು ತಯಾರಿಸುವವರಿಲ್ಲ.

ಕತ್ತಿ ಮೊದಲು ಬೀಳುವುದು ಶೀಟ್ ಫಿಲಂ ಮೇಲೆಯೇ. ಅದರ ಕಾರಣ ಭಾವನೆಯಲ್ಲಿಲ್ಲ, ಕಾರ್ಖಾನೆಯಲ್ಲಿದೆ. ಜೆಲಾಟಿನ್‌ನಲ್ಲಿ ಬೆಳ್ಳಿಯ ಲವಣದ ಹರಳುಗಳನ್ನು ಬೆರೆಸಿದ ದ್ರಾವಣವನ್ನು ಕತ್ತಲೆಯಲ್ಲಿ, ಅಗಲವಾದ ಪ್ಲಾಸ್ಟಿಕ್ ಸುರುಳಿಯ ಮೇಲೆ ಸಮನಾಗಿ ಲೇಪಿಸುತ್ತಾರೆ. ಯಂತ್ರ ಒಮ್ಮೆ ಹೊರಟರೆ ಸಾವಿರಾರು ಅಡಿ ಲೇಪನವಾಗಲೇಬೇಕು, ಹತ್ತು ಅಡಿ ಮಾಡಿ ನಿಲ್ಲಿಸಿದರೆ ನಷ್ಟ. ರೀಲಿನ ಫಿಲಂಗೆ ತೆಳು ಆಧಾರ ಸಾಕು. ಶೀಟ್ ಫಿಲಂ ಹೋಲ್ಡರಿನೊಳಗೆ ಬಾಗದೆ ಚಪ್ಪಟೆಯಾಗಿ ನಿಲ್ಲಬೇಕಾದ್ದರಿಂದ ಅದಕ್ಕೆ ದಪ್ಪನೆಯ ಪಾಲಿಯೆಸ್ಟರ್ ಬೇಕು. ಅಂದರೆ ಅದೇ ದ್ರಾವಣವಾದರೂ ಶೀಟ್ ಫಿಲಂಗಾಗಿ ಯಂತ್ರ ಬೇರೆಯಾಗಿಯೇ ಓಡಬೇಕು. ಇನ್ನು ಲೆಕ್ಕ ನೋಡಿ. 8×10 ಇಂಚಿನ ಒಂದು ಹಾಳೆಯ ವಿಸ್ತೀರ್ಣ 80 ಚದರ ಇಂಚು. 36 ಚಿತ್ರಗಳ ಒಂದು 35 ಎಂಎಂ ರೀಲಿನದೂ ಹೆಚ್ಚುಕಡಿಮೆ ಅಷ್ಟೇ. ಒಬ್ಬರು ಒಂದು ಮದುವೆಯಲ್ಲಿ ಹತ್ತು ರೀಲು ಮುಗಿಸುತ್ತಿದ್ದ ಕಾಲವಿತ್ತು. ಲಾರ್ಜ್ ಫಾರ್ಮ್ಯಾಟಿನವರು ಹತ್ತು ಹಾಳೆ ಮುಗಿಸಲು ಒಂದು ಋತು ತೆಗೆದುಕೊಳ್ಳುತ್ತಾರೆ. ಕಾರ್ಖಾನೆಯ ಕಣ್ಣಿಗೆ ಅವರು ಕಾಣಿಸುವುದೇ ಇಲ್ಲ.

ಕಾಣಿಸದವರಿಗೆ ಏನಾಗುತ್ತದೆ ಎನ್ನುವುದಕ್ಕೆ ಆಕ್ರೋಸ್ ಸಾಕ್ಷಿ. ಜನ ಕೇಳಿದರು ಎಂದು ಫ್ಯೂಜಿಫಿಲಂ 2019ರಲ್ಲಿ ಆಕ್ರೋಸ್ 2 ಎಂಬ ಹೆಸರಿನಲ್ಲಿ ಅದನ್ನು ವಾಪಸ್ ತಂದಿತು. 35 ಎಂಎಂ ಬಂತು, 120 ರೀಲು ಬಂತು. ಶೀಟ್ ಫಿಲಂ ಬರಲಿಲ್ಲ. ಇದಕ್ಕೆ ತದ್ವಿರುದ್ಧ ಕೊಡಾಕ್‌ನ ಎಕ್ಟಾಕ್ರೋಮ್. 2012ರಲ್ಲಿ ನಿಂತ ಆ ಸ್ಲೈಡ್ ಫಿಲಂ 2018ರಲ್ಲಿ ಮರಳಿತು, ಮರುವರ್ಷ 4×5 ಹಾಳೆಯಾಗಿಯೂ ಬಂತು. ಹಾಗಾದರೆ ಫಿಲಂ ‘ಸತ್ತಿತು’ ಎನ್ನುವ ಮಾತಿಗೆ ಅರ್ಥವೇನು? ಫಿಲಂ ಸಾಯುವುದಿಲ್ಲ. ಯಾರೋ ಒಬ್ಬರು ಲೆಕ್ಕ ಹಾಕಿ ನಿಲ್ಲಿಸುತ್ತಾರೆ, ಲೆಕ್ಕ ಬದಲಾದರೆ ಮತ್ತೆ ಆರಂಭಿಸುತ್ತಾರೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ಡಿಜಿಟಲ್ ಬಂದು ಕೆಲಸ ಸಲೀಸಾಗಿದೆ, ಇನ್ನೇಕೆ ಈ ಗೋಳು? ಹತ್ತರಲ್ಲಿ ಒಂಬತ್ತು ಕೆಲಸಕ್ಕೆ ಈ ಮಾತು ಸರಿ. ಮದುವೆ ಮನೆಗೆ, ಪತ್ರಿಕೆಗೆ, ಪಾಸ್‌ಪೋರ್ಟಿಗೆ ಯಾರೂ ಶೀಟ್ ಫಿಲಂ ಕೇಳುತ್ತಿಲ್ಲ. ಹತ್ತನೆಯ ಕೆಲಸ ಯಾವುದು ಎಂದು ತಿಳಿಯಲು ಹಂಪಿಗೆ ಹೋಗಬೇಕು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಅಲ್ಲಿ ದೊಡ್ಡ ಕ್ಯಾಮೆರಾ ಇಟ್ಟು ಮೇಣದ ಕಾಗದದ ನೆಗೆಟಿವ್‌ಗಳನ್ನು ಮಾಡಿದ. ಅವು ಶತಮಾನಕ್ಕೂ ಹೆಚ್ಚು ಕಾಲ ಹೊರಲೋಕಕ್ಕೆ ಗೊತ್ತಿರದೆ ಬಿದ್ದಿದ್ದು, 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂದು ಬೆರಳಿಟ್ಟು ತೋರಿಸಬಹುದು. ಗ್ರೀನ್‌ಲಾನ ಕಾಗದವನ್ನು ಓದಲು ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ, ಪಾಸ್‌ವರ್ಡೂ ಬೇಕಾಗಲಿಲ್ಲ. ಬೆಳಕಿಗೆ ಹಿಡಿದರೆ ಸಾಕಾಯಿತು. ನೂರು ವರ್ಷ ಯಾರೂ ನೋಡಿಕೊಳ್ಳದಿದ್ದರೂ ಉಳಿಯಬಲ್ಲ ದಾಖಲೆ ಬೇಕಾದ ಕೆಲಸವೇ ಆ ಹತ್ತನೆಯದು. ಡಿಜಿಟಲ್ ಕಡತಕ್ಕೆ ಆಗಾಗ ಹೊಸ ಡಿಸ್ಕು, ಹೊಸ ಪ್ರತಿ, ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ನಮ್ಮ ಸಂಸ್ಥೆಗಳು ಹಾಗೆ ನೋಡಿಕೊಳ್ಳುತ್ತವೆ ಎಂದು ನಂಬುವವರು ಡಿಜಿಟಲ್ಲನ್ನೇ ನಂಬಲಿ.

ಗ್ರೀನ್‌ಲಾನ ವಿಷಯದಲ್ಲಿ ಇನ್ನೊಂದು ಮಾತು. ಆ ಕಾಲದಲ್ಲಿ ಛಾಯಾಗ್ರಾಹಕ ತನ್ನ ಕಾಗದವನ್ನು ತಾನೇ ಬೆಳಕಿಗೆ ಸಂವೇದಿಯಾಗಿಸಿಕೊಳ್ಳಬೇಕಿತ್ತು. ಯಾವ ಕಂಪನಿಯೂ ಅವನ ‘ಸ್ಟಾಕ್’ ನಿಲ್ಲಿಸುವಂತಿರಲಿಲ್ಲ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಾಟಿನ್ ಒಣಪ್ಲೇಟಿನ ವಿಧಾನ ಪ್ರಕಟಿಸಿದ ಮೇಲೆ ಪ್ಲೇಟು ಕಾರ್ಖಾನೆಯ ಸರಕಾಯಿತು. ಅನುಕೂಲ ಬಂತು, ಜೊತೆಗೆ ಪರಾಧೀನತೆಯೂ ಬಂತು. ಇವತ್ತಿನ ಜಗಳ ಈ ಪರಾಧೀನತೆಯದು.

ಈ ಪರಾಧೀನತೆಯಿಂದ ಹೊರಬರಲು ನಮಗೊಂದು ದಾರಿಯಿತ್ತು. ಅದು ಊಟಿಯಲ್ಲಿತ್ತು. ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ, ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿ ಕೇಳಿಸುವ ಆ ಬೆಟ್ಟದ ಮೇಲೆ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವಿತ್ತು. ಧೂಳಿಲ್ಲದ ತಂಪು ಗಾಳಿ ಲೇಪನದ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 1967ರಲ್ಲಿ ಉತ್ಪಾದನೆ ಶುರುವಾಯಿತು. ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲಂ, ಫೋಟೋ ಕಾಗದ, ಎಕ್ಸ್‌ರೇ ಫಿಲಂ ದೇಶದ ಮೂಲೆಮೂಲೆಗೆ ಹೋದವು. ಕಾರ್ಖಾನೆಯ ಸುತ್ತಲಿನ ಊರಿಗೇ ಇಂದು ನಗರ ಎಂದು ಹೆಸರಾಯಿತು.

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಪಾಲಿಯೆಸ್ಟರ್ ಆಧಾರದ ಎಕ್ಸ್‌ರೇ ಫಿಲಂಗಾಗಿ ಕಂಪನಿ ದೊಡ್ಡ ಸಾಲ ಮಾಡಿ ಹೊಸ ಘಟಕ ಕಟ್ಟಿತು. ಅಷ್ಟರಲ್ಲಿ ಉದಾರೀಕರಣ ಬಂದು ಆಮದು ಸಡಿಲವಾಯಿತು. ಮಾರಾಟ ಇಳಿಯಿತು, ಬಡ್ಡಿ ಏರಿತು. 1990ರ ದಶಕದ ಮಧ್ಯದಲ್ಲಿ ಅದು ರೋಗಗ್ರಸ್ತ ಉದ್ಯಮವೆನಿಸಿತು. ವರ್ಷಗಟ್ಟಲೆ ಎಳೆದಾಡಿದ ಮೇಲೆ 2014ರಲ್ಲಿ ಕೇಂದ್ರ ಸಂಪುಟ ಉಳಿದ ನೌಕರರ ಸ್ವಯಂ ನಿವೃತ್ತಿಗೆ ಹಣ ಮಂಜೂರು ಮಾಡಿ ಕಡತ ಮುಚ್ಚಿತು. ಗಮನಿಸಿ, ಶೀಟ್ ಫಿಲಂಗೆ ಬೇಕಾದದ್ದೂ ಪಾಲಿಯೆಸ್ಟರ್ ಆಧಾರವೇ. ಆ ಕೌಶಲ ಒಂದು ಕಾಲಕ್ಕೆ ಮೈಸೂರಿನಿಂದ ಅರ್ಧ ದಿನದ ಬಸ್ ದಾರಿಯಲ್ಲಿತ್ತು.

ಈ ಸಾವಿಗೆ ಎರಡು ಸಿದ್ಧ ವಿವರಣೆಗಳಿವೆ. ಒಂದು, ಸರ್ಕಾರಿ ಕಂಪನಿ ಅಂದರೆ ಹೀಗೆಯೇ. ಇನ್ನೊಂದು, ವಿದೇಶಿ ಕಂಪನಿಗಳು ಕೊಂದವು. ಎರಡರಲ್ಲೂ ನಿಜವಿದೆ, ಎರಡೂ ಕೊಳ್ಳುವವರನ್ನು ಬಿಟ್ಟು ಮಾತಾಡುತ್ತವೆ. ಫಿಲಂ ಬಳಸುತ್ತಿದ್ದ ಸರ್ಕಾರಿ ಆಸ್ಪತ್ರೆಗಳು, ಪುರಾತತ್ವ ಇಲಾಖೆಗಳು, ಕಲಾಶಾಲೆಗಳು, ಛಾಯಾಗ್ರಾಹಕರ ಸಂಘಗಳು ಒಟ್ಟಾಗಿ ಕೂತು ‘ನಮಗೆ ವರ್ಷಕ್ಕೆ ಇಷ್ಟು ಬೇಕು, ಇಂಥ ಗುಣಮಟ್ಟದ್ದು ಬೇಕು’ ಎಂದು ಮಾತು ಕೊಡುವ ಏರ್ಪಾಡು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ ಎಂಬ ಪ್ರಶ್ನೆಯನ್ನು ಆ ವಿವರಣೆಗಳು ಕೇಳುವುದೇ ಇಲ್ಲ.

ಇದು ಬರಿಯ ಆಸೆಯ ಮಾತಲ್ಲ ಎನ್ನಲು ಎರಡು ಉದಾಹರಣೆ. 2006ರಿಂದ 2014ರೊಳಗೆ ಕೊಡಾಕ್‌ನ ಸಿನಿಮಾ ಫಿಲಂ ಮಾರಾಟ ನೂರಕ್ಕೆ 96ರಷ್ಟು ಬಿದ್ದಿತ್ತು. ಫ್ಯೂಜಿಫಿಲಂ ಸಿನಿಮಾ ಚಿತ್ರೀಕರಣದ ಫಿಲಂ ಕೈಬಿಟ್ಟಾಗಿತ್ತು. ಆಗ ಕ್ರಿಸ್ಟೋಫರ್ ನೋಲನ್, ಕ್ವೆಂಟಿನ್ ಟರಂಟಿನೊ ಮೊದಲಾದ ನಿರ್ದೇಶಕರು ಲೇಖನ ಬರೆದು ಸುಮ್ಮನಾಗಲಿಲ್ಲ. ಸ್ಟುಡಿಯೋಗಳ ಮೇಲೆ ಒತ್ತಡ ತಂದರು. 2015ರ ಫೆಬ್ರುವರಿಯಲ್ಲಿ ಆರು ದೊಡ್ಡ ಸ್ಟುಡಿಯೋಗಳ ಜೊತೆ ಕೊಡಾಕ್‌ನ ಪೂರೈಕೆ ಒಪ್ಪಂದಗಳಾದವು. ಲೇಪನ ಯಂತ್ರ ನಿಲ್ಲಲಿಲ್ಲ.

ಎರಡನೆಯದು ಇಂಗ್ಲೆಂಡಿನ ಇಲ್ಫೋರ್ಡ್. 2004ರಲ್ಲಿ ಅದು ದಿವಾಳಿಯ ಅಂಚಿಗೆ ಬಂತು. ಮರುವರ್ಷ ಅದರ ವ್ಯವಸ್ಥಾಪಕರೇ ಅದನ್ನು ಕೊಂಡು ಹಾರ್ಮನ್ ಟೆಕ್ನಾಲಜಿ ಹೆಸರಿನಲ್ಲಿ ಮುಂದುವರಿಸಿದರು. 7×17, 12×20 ಇಂಚಿನಂಥ ವಿಚಿತ್ರ ಅಳತೆಗಳಿಗೆ ಅವರು ಮಾಡಿದ ಏರ್ಪಾಡು ಸರಳ. ವರ್ಷಕ್ಕೊಮ್ಮೆ ಕೆಲವು ವಾರ ಆರ್ಡರ್ ಸ್ವೀಕರಿಸುತ್ತಾರೆ, ಬಂದಷ್ಟನ್ನು ಕತ್ತರಿಸಿ ಕೊಡುತ್ತಾರೆ. ಹಳೆಯ ಕ್ಯಾಮೆರಾ ಇಟ್ಟುಕೊಂಡ ಬೆರಳೆಣಿಕೆಯ ಜನ ಜಗತ್ತಿನಾದ್ಯಂತ ಕಾದು ಒಟ್ಟಿಗೆ ಆರ್ಡರ್ ಕೊಡುತ್ತಾರೆ. ಕಾರ್ಖಾನೆಯ ಕಣ್ಣಿಗೆ ಕಾಣಿಸುವ ದಾರಿ ಇದು.

ನಮ್ಮಲ್ಲಿ ನಡೆಯುವುದು ಇದರ ವಿರುದ್ಧ. ನಿಲ್ಲುತ್ತದೆ ಎಂದ ಕೂಡಲೇ ಐದು ವರ್ಷಕ್ಕಾಗುವಷ್ಟು ಕೊಂಡು ಫ್ರಿಜ್ಜಿಗೆ ತುಂಬುವವರು ತಾವು ಫಿಲಂ ಉಳಿಸಿದೆವು ಎಂದುಕೊಳ್ಳುತ್ತಾರೆ. ಅವರು ಉಳಿಸಿದ್ದು ತಮ್ಮ ಪಾಲನ್ನು ಮಾತ್ರ. ಕಾರ್ಖಾನೆಗೆ ಕಾಣುವುದು ಒಂದು ತಿಂಗಳ ಏರಿಕೆ, ಆಮೇಲೆ ಐದು ವರ್ಷದ ಸೊನ್ನೆ. ಆ ಸೊನ್ನೆ ನೋಡಿ ಅವರು ಮುಂದಿನ ಫಿಲಂ ನಿಲ್ಲಿಸಿದರೆ ತಪ್ಪು ಯಾರದು? ಅವಧಿ ಮುಗಿದ ಪೆಟ್ಟಿಗೆಗಳನ್ನು ಹರಾಜಿನಲ್ಲಿ ಮೂರು ಪಟ್ಟು ಬೆಲೆಗೆ ಕೊಳ್ಳುವುದೂ ಅಷ್ಟೇ. ಆ ಹಣದಲ್ಲಿ ಒಂದು ಪೈಸೆಯೂ ತಯಾರಕರಿಗೆ ತಲುಪುವುದಿಲ್ಲ.

ಕನ್ನಡದವರಿಗೆ ಇದು ಹೊಸ ರೋಗವೇನಲ್ಲ. ನವೆಂಬರಿನಲ್ಲಿ ಭಾಷೆಯ ಬಗ್ಗೆ ಕಣ್ಣೀರು, ಉಳಿದ ಹನ್ನೊಂದು ತಿಂಗಳು ಪುಸ್ತಕದಂಗಡಿಯತ್ತ ತಲೆ ಹಾಕದಿರುವುದು ನಮಗೆ ಚೆನ್ನಾಗಿ ಗೊತ್ತು. ನುಡಿ ಉಳಿಯುವುದು ಅಭಿಮಾನದಿಂದಲ್ಲ, ದಿನದ ಬಳಕೆಯಿಂದ. ಫಿಲಂ ಕೂಡ ಹಾಗೆಯೇ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಶೀಟ್ ಫಿಲಂ ಬಳಸುವವರು ಹತ್ತು ಬಗೆಯ ಚಪಲ ಬಿಟ್ಟು, ಇನ್ನೂ ತಯಾರಾಗುತ್ತಿರುವ ಒಂದೋ ಎರಡೋ ಕಪ್ಪು-ಬಿಳುಪು ಫಿಲಂಗೆ ನಿಲ್ಲಬೇಕು. ಇಂಗ್ಲೆಂಡಿನ ಇಲ್ಫೋರ್ಡ್ ಇದೆ, ಜೆಕ್ ದೇಶದ ಫೋಮಾ ಇದೆ. ಬೆಂಗಳೂರು, ಮೈಸೂರು, ಪುಣೆ, ಮುಂಬೈಯವರು ಬಿಡಿಬಿಡಿಯಾಗಿ ತರಿಸುವ ಬದಲು ವರ್ಷಕ್ಕೆ ಎರಡು ಸಲ ಒಟ್ಟು ಆರ್ಡರ್ ಕೊಡಬೇಕು. ಸಾಗಣೆಯ ಖರ್ಚು ಇಳಿಯುತ್ತದೆ, ಆಮದುದಾರರಿಗೆ ಧೈರ್ಯ ಬರುತ್ತದೆ.

ಎರಡನೆಯದು, ಸಂಸ್ಥೆಗಳು. ಮೈಸೂರಿನ ಪುರಾತತ್ವ ಇಲಾಖೆ 1885ರಷ್ಟು ಹಳೆಯದು. ಆರ್. ನರಸಿಂಹಾಚಾರ್ಯರ ಕಾಲದ ಅದರ ವಾರ್ಷಿಕ ವರದಿಗಳ ದೇಗುಲ ಚಿತ್ರಗಳನ್ನು ಇವತ್ತಿಗೂ ಸಂಶೋಧಕರು ಬಿಡಿಸಿ ನೋಡುತ್ತಾರೆ. ಪುರಾತತ್ವ ಇಲಾಖೆಗಳು, ಮೈಸೂರಿನ ಕಾವಾ, ಪುಣೆಯ ಫಿಲಂ ಮತ್ತು ಟೆಲಿವಿಷನ್ ಸಂಸ್ಥೆ ತಲಾ ಹತ್ತು ಪೆಟ್ಟಿಗೆಯ ಕಾಯಂ ಆರ್ಡರ್ ಇಟ್ಟರೂ ಸಾಕು, ಮುಖ್ಯ ಸ್ಮಾರಕಗಳ ಒಂದು ಬೆಳ್ಳಿಯ ದಾಖಲೆ ಬೆಳೆಯುತ್ತದೆ, ವಿದ್ಯಾರ್ಥಿಗಳ ಕೈಗೆ ಕಸುಬೂ ಬರುತ್ತದೆ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಟ್ಟಿ ಹಳೆಯ ಫಿಲಂ ಕಾಪಾಡಬೇಕೆಂದು ಒಪ್ಪಿಕೊಂಡ ದೇಶ ಹೊಸದಾಗಿ ಒಂದಿಷ್ಟು ಫಿಲಂ ಬಳಸುವುದನ್ನು ಪೋಲು ಎನ್ನಬಾರದು.

ಮೂರನೆಯದು, ಕೈಕೆಲಸ. ಎಕ್ಸ್‌ರೇ ಫಿಲಂ ಕತ್ತರಿಸಿ ಹೋಲ್ಡರಿಗೆ ಹಾಕಿ ಕಲಿಯುವವರು ಎಲ್ಲೆಡೆ ಇದ್ದಾರೆ. ಅದು ಅಗ್ಗ, ಮಂದ ಕೆಂಪು ದೀಪದಲ್ಲೇ ಸಂಸ್ಕರಿಸಬಹುದು. ಎರಡೂ ಬದಿಗೆ ಲೇಪನವಿರುವುದರಿಂದ ಬೇಗ ಗೀರು ಬೀಳುತ್ತದೆ, ನಿಜ. ಆಸ್ಪತ್ರೆಗಳೂ ಡಿಜಿಟಲ್ ಆಗುತ್ತಿರುವುದರಿಂದ ಆ ದಾರಿಯೂ ಶಾಶ್ವತವಲ್ಲ. ಆದ್ದರಿಂದ ಗಾಜಿನ ಒಣಪ್ಲೇಟು ಮಾಡುವ ವಿದ್ಯೆ ನಾಲ್ಕು ಜನರಿಗಾದರೂ ಗೊತ್ತಿರಬೇಕು. ಕೊನೆಯ ಕಾರ್ಖಾನೆ ಮುಚ್ಚಿದರೂ ಕೆಲಸ ನಿಲ್ಲಬಾರದು.

ಇದು ಉಳ್ಳವರ ಶೋಕಿ ಎನ್ನುವವರಿಗೆ ಒಂದು ಉತ್ತರ. ಇಲ್ಲಿ ಯಾರೂ ಸಬ್ಸಿಡಿ ಕೇಳುತ್ತಿಲ್ಲ. ಬಳಸುವವರು ತಮ್ಮ ಹಣದ ಮಾತು ಕೊಡಲಿ, ದಾಖಲೆ ಕಾಯುವುದೇ ಕರ್ತವ್ಯವಾದ ಸಂಸ್ಥೆಗಳು ತಮ್ಮ ಕರ್ತವ್ಯದ ಮಾತು ಕೊಡಲಿ ಎಂದಷ್ಟೇ ಕೇಳುತ್ತಿರುವುದು. ಮುಂದಿನ ಫಿಲಂ ನಿಂತಾಗಲೂ ಸಂತಾಪ ಬರೆಯುವವರು ಬರುತ್ತಾರೆ. ಬರೆಯಲಿ. ಬರೆಯುವ ಮೊದಲು ಕಳೆದ ಹನ್ನೆರಡು ತಿಂಗಳಲ್ಲಿ ಆ ಫಿಲಂನ ಎಷ್ಟು ಪೆಟ್ಟಿಗೆ ಕೊಂಡೆವು ಎಂಬ ಲೆಕ್ಕವನ್ನು ಮೊದಲ ಸಾಲಿನಲ್ಲೇ ಹಾಕಲಿ.