ಮಾರಿಯ ಕೋಣ ಯಾರು?

ಮಾರಿಹಬ್ಬಕ್ಕೆ ಸಾರು ಹಾಕೋ ಕಾಲ ಬಂತು. ತಮಟೆ ಹೊಡೆಯೋರು ನಾವೇ, ಹಿಂದೆ ಕೋಣನ ತಲೆ ಹೊತ್ತೋರೂ ನಾವೇ. ಹಬ್ಬಕ್ಕೆ ಮುಂಚೆ ಒಂದು ಮಾತು ಕೇಳಬೇಕು ಅನಿಸ್ತು ಗೆಳೆಯರೇ. ಆ ಕೋಣ ಯಾರು?

ಮಾರಿ ಹುಟ್ಟಿದ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಊರಿಂದೂರಿಗೆ ಸ್ವಲ್ಪ ಬದಲಾಗುತ್ತೆ, ತಿರುಳು ಒಂದೇ. ನಮ್ಮ ಕೇರಿ ಹುಡುಗ ಬ್ರಾಹ್ಮಣರ ವೇಷ, ಮಾತು, ಆಚಾರ ಎಲ್ಲ ಕಲಿತು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗ್ತಾನೆ. ಸಂಸಾರ ನಡೆಯುತ್ತೆ, ಮಕ್ಕಳಾಗ್ತವೆ. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬರ್ತಾಳೆ. ಸೊಸೆ ಬಡಿಸಿದ ಸಿಹಿ ತಿಂದು, ‘ಸುಟ್ಟ ನಾಲಗೆ ತಿಂದಂಗೈತೆ ಮಗಾ’ ಅಂದುಬಿಡ್ತಾಳೆ. ಸೊಸೆಗೆ ಗುಟ್ಟು ತಿಳಿಯಿತು. ಮನೆಗೆ ಬೆಂಕಿ ಇಟ್ಟು, ಉರಿದು ಮಾರಿಯಾದಳು. ಗಂಡ ಕೋಣನಾದ, ಮಕ್ಕಳು ಆಡುಕುರಿಯಾದವು. ಜಾತ್ರೆಯಲ್ಲಿ ಕೋಣನ ತಲೆ ಕಡಿದು, ಅದರ ಮುಂಗಾಲನ್ನೇ ಅದರ ಬಾಯಿಗಿಟ್ಟು, ತಲೆ ಮೇಲೆ ದೀಪ ಹಚ್ಚಿ ಅವಳ ಮುಂದೆ ಇಡೋದು ಇದಕ್ಕಂತೆ.

ಮೋಸ ಮಾಡಿದ್ದಕ್ಕೆ ಶಿಕ್ಷೆ ಅಂತ ದೊಡ್ಡೋರು ಹೇಳ್ತಿದ್ರು. ಹೆಣ್ಣಿಗೆ ಆದ ಮೋಸ ಮೋಸವೇ, ಅದನ್ನು ನಾನು ಸಮರ್ಥಿಸಲ್ಲ. ಆದರೆ ವೇಷ ಹಾಕಿದವನು ಇವನೊಬ್ಬನೇನಾ? ಇಂದ್ರ ಗೌತಮನ ವೇಷದಲ್ಲಿ ಅಹಲ್ಯೆ ಹತ್ತಿರ ಹೋದ. ಶಾಪ ಅವನಿಗೂ ತಗುಲಿತು, ಆದರೂ ದೇವರಾಜನಾಗೇ ಉಳಿದ. ವಿಷ್ಣು ಜಲಂಧರನ ವೇಷದಲ್ಲಿ ವೃಂದೆಯನ್ನು ವಂಚಿಸಿದ. ಅವನಿಗೆ ವರ್ಷವರ್ಷ ತುಳಸಿ ಜೊತೆ ಮದುವೆ ಮಾಡ್ತಾರೆ. ಅದೇ ತಪ್ಪಿಗೆ ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ಮಚ್ಚು! ಅಂದ್ರೆ ಶಿಕ್ಷೆ ಸುಳ್ಳಿಗಲ್ಲ, ಜಾತಿಗೆ.

ಜಾತಿಯೊಳಗೇ ಮದುವೆ ಅನ್ನೋ ಕಟ್ಟುಪಾಡೇ ಜಾತಿಯ ಜೀವಾಳ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸಿ ತೋರಿಸಿದ್ರು. ಈ ಕಥೆ ಅದಕ್ಕೆ ಹಾಕಿದ ಕಾವಲು. ಗೆರೆ ದಾಟಿದರೆ ನೀನು ಕೋಣ, ನಿನ್ನ ಮಕ್ಕಳು ಕುರಿ. ದೇವಸ್ಥಾನದಲ್ಲಿ ಪ್ರಾಣಿಬಲಿ ತಡೆಯೋ ಕಾನೂನು ನಮ್ಮ ರಾಜ್ಯದಲ್ಲಿ 1959ರಲ್ಲೇ ಬಂತು. ಎಷ್ಟೋ ಕಡೆ ಕೋಣನ ಜಾಗಕ್ಕೆ ಬೂದುಗುಂಬಳ ಬಂತು. ಕಥೆ ಮಾತ್ರ ಹಂಗೇ ಇದೆ. ಮೇಲ್ಜಾತಿ ಹುಡುಗಿಯನ್ನು ಪ್ರೀತಿಸಿದ ನಮ್ಮ ಹುಡುಗರು ಇವತ್ತಿಗೂ ಹೆಣವಾಗ್ತಿದ್ದಾರೆ. ಕೆಲವು ಕಡೆ ಆ ಹುಡುಗಿಯರೂ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡೋದು ಆ ತಾಯಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ‘ನೀವು ಯಾವ ಜನ?’ ಅಂದ್ರು ಓನರಮ್ಮ. ಏನೋ ಹೇಳಿ ಜಾರಿಕೊಂಡೆ. ಊರಿಂದ ಅವ್ವ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ‘ಅವ್ವಾ, ಓನರಮ್ಮನ ಮುಂದೆ ಕೇರಿ ವಿಷಯ, ಊಟದ ವಿಷಯ ಎತ್ತಬೇಡ’ ಅಂದೆ. ನಾಲ್ಕು ದಿನ ಇರೋಕೆ ಬಂದಿದ್ದ ಅವ್ವ ಮಾರನೇ ದಿನವೇ ಚೀಲ ಹಿಡಿದಳು. ‘ನಿನ್ ಮನೇಲಿ ಬಾಯಿ ಬಿಡಕ್ಕೂ ಭಯ ಆಯ್ತದೆ ಕಣಪ್ಪ’ ಅಂದಳು. ಮಚ್ಚು ಬೀಳೋ ಮುಂಚೆನೇ ನನ್ನ ಬಾಯಿಗೆ ನನ್ನ ಕಾಲನ್ನೇ ಇಟ್ಕೊಂಡಿದ್ದೆ ನಾನು.

ಮಾರಿಯನ್ನು ಬಿಡಿ ಅಂತ ನಾನು ಹೇಳ್ತಿಲ್ಲ. ಸಿಡುಬು ಬಂದು ಕೇರಿಗೆ ಯಾರೂ ಕಾಲಿಡದಿದ್ದಾಗ ನಮ್ಮಜ್ಜಿಯರು ಮೊರೆಯಿಟ್ಟಿದ್ದು ಅವಳಿಗೇ. ನಮ್ಮ ಆಸಾದಿಗಳು ಅವಳನ್ನು ಹಾಡಿ ಹೊಗಳ್ತಾರೆ, ಎದುರು ನಿಂತು ಬೈಯ್ತಾರೆ ಕೂಡ. ಆ ಸಲಿಗೆ ನಮಗಿದೆ. ಅವಳು ನಮ್ಮವಳು. ಈ ಕಥೆ ನಮ್ಮದಲ್ಲ, ನಮ್ಮ ಬಾಯಿಂದ ಹೇಳಿಸಿದ್ದು ಅಂತಲೇ ನನ್ನ ಅನಿಸಿಕೆ.

ಈ ಸಲ ಹಬ್ಬದಲ್ಲಿ ಮಕ್ಕಳಿಗೆ ಕಥೆ ಹೇಳೋವಾಗ ಇಂದ್ರನದ್ದೂ ವಿಷ್ಣುದ್ದೂ ಸೇರಿಸಿ ಹೇಳಿ. ಪ್ರಶ್ನೆ ಅವೇ ಕೇಳ್ತವೆ. ಮತ್ತೆ, ಊರಿಂದ ಅವ್ವ ಬಂದರೆ ನಾಲಗೆ ಸಾರು ಮಾಡಿ, ಬಾಗಿಲು ತೆಗೆದೇ ಬಡಿಸಿ. ನಾನೀಗ ಹಂಗೇ ಮಾಡ್ತಿದ್ದೀನಿ.

ಜೈ ಭೀಮ್.