ಹಳೆಯದೆಲ್ಲ ಹಳಸಿದ್ದಲ್ಲ

ನಮ್ಮ ಕ್ಯಾಂಪಸ್ಸಿನಲ್ಲಿ ಲಿನಕ್ಸ್ ಬಳಸೋರಲ್ಲೂ ಮೇಲು-ಕೀಳು ಇದೆ. ಆರ್ಚ್ ಹಾಕಿದವರು ಹೀರೋಗಳು, ಫೆಡೋರಾದವರು ಪರವಾಗಿಲ್ಲ, ಉಬುಂಟು ಅಥವಾ ಡೆಬಿಯನ್ ಅಂದರೆ ‘ಅಂಕಲ್ ಓಎಸ್’. ಫಸ್ಟ್ ಇಯರ್‌ನವರು ಬಂದು "ಅಣ್ಣಾ, ಯಾವುದು ಹಾಕ್ಲಿ?" ಅಂತ ಕೇಳಿದರೆ, ನಿನಗೆ ಏನು ಕೆಲಸ ಇದೆ ಅಂತ ಯಾರೂ ವಿಚಾರಿಸಲ್ಲ. ಯಾವುದು ಲೇಟೆಸ್ಟೋ ಅದರ ಹೆಸರು ಹೇಳಿ ಕಳಿಸ್ತಾರೆ. ನಮ್ಮ ಅಭಿಪ್ರಾಯ ಬೇರೆ. ಅಸೈನ್‌ಮೆಂಟ್, ಪ್ರಾಜೆಕ್ಟ್, ಲ್ಯಾಬ್ ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ನಡೀಬೇಕು ಅಂದರೆ ಅದರಲ್ಲಿ ಸ್ಟೇಬಲ್ ಓಎಸ್ಸೇ ಇರಬೇಕು. ಹೊಸದರ ಆಸೆ ತಪ್ಪಲ್ಲ, ಆದರೆ ಅದಕ್ಕೆ ಬೇರೆ ಜಾಗ ಇದೆ.

ಮೊದಲು ಪದದ ಅರ್ಥ ಸರಿ ಮಾಡಿಕೊಳ್ಳೋಣ. ಸ್ಟೇಬಲ್ ಅಂದರೆ ಬಗ್ ಇಲ್ಲದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಸ್ಟೇಬಲ್ ಅಂದರೆ ಪದೇ ಪದೇ ಬದಲಾಗದ್ದು. ಡೆಬಿಯನ್ ನೋಡಿ. 1993ರಲ್ಲಿ ಶುರುವಾದ ಇದು ಈಗ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕೊಡುತ್ತೆ. 12ನೆಯದು 2023ರ ಜೂನ್‌ನಲ್ಲಿ ಬಂತು, 13ನೆಯದು 2025ರ ಆಗಸ್ಟ್‌ನಲ್ಲಿ. ಒಮ್ಮೆ ಬಿಡುಗಡೆ ಆದಮೇಲೆ ಅದರಲ್ಲಿರುವ ಪೈಥಾನ್, ಜಿಸಿಸಿ ಎಲ್ಲ ಅದೇ ವರ್ಷನ್‌ನಲ್ಲಿ ನಿಲ್ಲುತ್ತವೆ. ಭದ್ರತೆಯ ದೋಷ ಸಿಕ್ಕರೆ ಸಾಮಾನ್ಯವಾಗಿ ಹೊಸ ವರ್ಷನ್ ತಂದು ಹಾಕೋದಿಲ್ಲ, ಆ ತಿದ್ದುಪಡಿಯಷ್ಟನ್ನೇ ಹಳೆಯ ವರ್ಷನ್ನಿಗೆ ಸೇರಿಸ್ತಾರೆ. ಹಾಗಾಗಿ ನಂಬರ್ ಹಳೆಯದು ಅಂದಮಾತ್ರಕ್ಕೆ ಒಳಗಿರೋದು ಹಳಸಿದೆ ಅಂತ ಅರ್ಥ ಅಲ್ಲ. ಉಬುಂಟು ಎಲ್‌ಟಿಎಸ್ ಕೂಡ ಹೀಗೇ: ಎರಡು ವರ್ಷಕ್ಕೊಮ್ಮೆ ಬರುತ್ತೆ, ಐದು ವರ್ಷ ಅಪ್‌ಡೇಟ್ ಸಿಗುತ್ತೆ. ಅಂದರೆ ನಮ್ಮ ಇಡೀ ನಾಲ್ಕು ವರ್ಷದ ಕೋರ್ಸ್ ಅದರ ಮೇಲೇ ಮುಗಿಸಬಹುದು. ಫೆಡೋರಾ ಆರು ತಿಂಗಳಿಗೊಮ್ಮೆ ಬದಲಾಗುತ್ತೆ, ಒಂದೊಂದರ ಆಯಸ್ಸು ಸುಮಾರು 13 ತಿಂಗಳು. ಆರ್ಚ್‌ಗೆ ಆವೃತ್ತಿ ಅನ್ನೋದೇ ಇಲ್ಲ, ಹೊಸದು ಬಂದಹಾಗೆ ನಮ್ಮ ಮಷೀನಿಗೂ ಬರ್ತಾ ಇರುತ್ತೆ.

ಇದರಿಂದ ನಮ್ಮ ಕೆಲಸಕ್ಕೆ ಏನು ವ್ಯತ್ಯಾಸ? ರೊಬೊಟಿಕ್ಸ್ ಮಾಡೋರನ್ನ ಕೇಳಿ. ಆರ್‌ಓಎಸ್ 2ರ ಹಂಬಲ್ ಆವೃತ್ತಿ ಉಬುಂಟು 22.04ಕ್ಕೆ, ಜಾಜಿ 24.04ಕ್ಕೆ ಅಂತಲೇ ತಯಾರಾಗಿವೆ. ಉಬುಂಟು ಇದ್ದರೆ ನಾಲ್ಕು ಕಮಾಂಡಿನಲ್ಲಿ ಇನ್‌ಸ್ಟಾಲ್ ಮುಗೀತು. ಬೇರೆ ಕಡೆ ಸೋರ್ಸ್‌ನಿಂದ ಬಿಲ್ಡ್ ಮಾಡ್ಕೊಂಡು ಕೂತರೆ ರೋಬೋ ಮುಟ್ಟೋ ಮೊದಲೇ ವಾರ ಹೋಗುತ್ತೆ. ಇನ್ನು ಆರ್ಚ್‌ನಲ್ಲಿ ಅರ್ಧಂಬರ್ಧ ಅಪ್‌ಡೇಟ್‌ಗೆ ಬೆಂಬಲ ಇಲ್ಲ ಅಂತ ಅವರೇ ಹೇಳ್ತಾರೆ. ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟು, ಡೆಮೊ ಹಿಂದಿನ ರಾತ್ರಿ ಒಂದು ಚಿಕ್ಕ ಟೂಲ್ ಬೇಕಾಯ್ತು ಅನ್ನಿ. ಅದಕ್ಕಾಗಿ ಕರ್ನೆಲ್‌ನಿಂದ ಡೆಸ್ಕ್‌ಟಾಪ್‌ವರೆಗೆ ಎಲ್ಲವನ್ನೂ ಹೊಸದು ಮಾಡಬೇಕಾಗುತ್ತೆ. ಹೆಚ್ಚಿನ ಸಲ ಏನೂ ಆಗಲ್ಲ, ನಿಜ. ಆದರೆ ಡೆಮೊ ಹಿಂದಿನ ರಾತ್ರಿ ಆ ಜೂಜು ಯಾಕೆ?

ಭದ್ರತೆ ವಿಷಯಕ್ಕೆ ಬಂದರೆ 2024ರ ಮಾರ್ಚ್‌ನಲ್ಲಿ ನಡೆದದ್ದನ್ನ ಎಲ್ಲರೂ ತಿಳ್ಕೊಂಡಿರಬೇಕು. ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಅನ್ನೋ ಸಣ್ಣ ಟೂಲಿನ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಎಸ್‌ಎಸ್‌ಎಚ್ ಮೂಲಕ ಸರ್ವರ್ ಒಳಗೆ ನುಗ್ಗೋದು ಅವರ ಉದ್ದೇಶ. ಜಿಯಾ ಟಾನ್ ಅನ್ನೋ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವರ ಹಾಗೆ ಕೆಲಸ ಮಾಡಿ, ನಂಬಿಕೆ ಗಳಿಸಿ ಇದನ್ನ ಸೇರಿಸಿದ್ದರು. ಆ ವರ್ಷನ್‌ಗಳು ಡೆಬಿಯನ್‌ನ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ಗೆ, ಫೆಡೋರಾದ ರಾಹೈಡ್‌ಗೆ, ಓಪನ್‌ಸೂಸೆ ಟಂಬಲ್‌ವೀಡ್‌ಗೆ ಬಂದುಬಿಟ್ಟಿದ್ದವು. ಡೆಬಿಯನ್ ಸ್ಟೇಬಲ್‌ನಲ್ಲಿ ಆಗ ಇದ್ದದ್ದು 5.4.1. ‘ಅಂಕಲ್‌ಗಳಿಗೆ’ ಏನೂ ಆಗಲಿಲ್ಲ.

ಹಾಗಂತ ಸ್ಟೇಬಲ್ ಅಂದರೆ ಕಣ್ಣು ಮುಚ್ಚಿ ನಂಬಬಹುದು ಅಂತಲೂ ಅಲ್ಲ. 2006ರಲ್ಲಿ ಡೆಬಿಯನ್‌ನವರೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಮಾಡಿದ ಒಂದು ಬದಲಾವಣೆಯಿಂದ, ಅದು ತಯಾರಿಸೋ ಕೀಗಳನ್ನ ಸುಲಭವಾಗಿ ಊಹಿಸಬಹುದಾಗಿತ್ತು. ಅದು ಸ್ಟೇಬಲ್‌ಗೂ ಬಂತು, ಪತ್ತೆ ಆಗಿದ್ದು 2008ರಲ್ಲಿ. ಬದಲಾಗದೆ ಇರೋದರಲ್ಲಿ ದೋಷವೂ ಬದಲಾಗದೆ ಕೂತಿರಬಹುದು.

ಹೊಸದೇ ಬೇಕಾಗೋ ಕಡೆಯೂ ಇದೆ. ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್ ತಗೊಂಡರೆ ಹಳೆಯ ಕರ್ನೆಲ್‌ಗೆ ಅದರ ವೈಫೈ ಚಿಪ್ಪೇ ಗೊತ್ತಿರಲ್ಲ. ಅಲ್ಲಿ ಫೆಡೋರಾ ಹಾಕೋದು ಬುದ್ಧಿವಂತಿಕೆ. ಇಲ್ಲಾ ಸ್ಟೇಬಲ್ ಮೇಲೇ ಹೊಸ ಕರ್ನೆಲ್ ಮಾತ್ರ ತರಿಸಬಹುದು, ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಇರೋದೇ ಅದಕ್ಕೆ. ಹೊಸ ಪೈಥಾನ್ ಲೈಬ್ರರಿ ಬೇಕಾ? ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಹೊಸ ಕಂಪೈಲರ್ ಬೇಕಾ? ಡಾಕರ್‌ನಲ್ಲೋ ಡಿಸ್ಟ್ರೋಬಾಕ್ಸ್‌ನಲ್ಲೋ ಹಾಕಿ. ಹೊಸ ಆ್ಯಪ್ ಬೇಕಾ? ಫ್ಲಾಟ್‌ಪ್ಯಾಕ್ ಇದೆ. ಅಡಿಪಾಯ ಅಲುಗಾಡದೆ ಮೇಲಿನ ಮನೆ ಎಷ್ಟು ಹೊಸದಾದರೂ ಇರಲಿ.

ಇಲ್ಲಿ ಸ್ಟೇಬಲ್‌ನವರಾದ ನಾವು ಮರೀಬಾರದ ಒಂದು ಮಾತಿದೆ. ಎಕ್ಸ್‌ಝಡ್ ಹಿಂಬಾಗಿಲನ್ನ ಹಿಡಿದದ್ದು ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರೊಯ್ಂಡ್. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆ ಅಂತ ಅವರಿಗೆ ಅನುಮಾನ ಬಂತು. ಆಗ ಅವರು ಬಳಸ್ತಿದ್ದದ್ದು ಡೆಬಿಯನ್ ಅನ್‌ಸ್ಟೇಬಲ್. ಅದಕ್ಕೆ ‘ಸಿಡ್’ ಅಂತ ಹೆಸರು, ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆ ಮುರಿಯೋ ಹುಡುಗನ ಹೆಸರು ಅದು. ಅಂಥವರು ಮೊದಲು ಬಳಸಿ, ತೊಂದರೆ ಕಂಡು, ಬಗ್ ರಿಪೋರ್ಟ್ ಹಾಕೋದರಿಂದಲೇ ನಮಗೆ ಸ್ಟೇಬಲ್ ಅನ್ನೋದು ಸಿಗ್ತಿದೆ. ಆದ್ದರಿಂದ ಆರ್ಚ್‌ನವರನ್ನ ನಾವು ಬೈತಿಲ್ಲ, ಅವರ ಋಣದಲ್ಲಿದ್ದೀವಿ. ಹೊಸದು ಹಾಕಿದವರು ದಯವಿಟ್ಟು ಸ್ಕ್ರೀನ್‌ಶಾಟ್ ಹಾಕೋದರ ಜೊತೆಗೆ ಬಗ್ ರಿಪೋರ್ಟೂ ಹಾಕಿ. ಸ್ಟೇಬಲ್‌ನವರೂ ಒಂದು ವರ್ಚುವಲ್ ಮಷೀನ್‌ನಲ್ಲಿ ಟೆಸ್ಟಿಂಗ್ ಇಟ್ಕೊಂಡು ಆಗಾಗ ನೋಡಬಹುದು. ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಕೆಟ್ಟರೆ ಅಳಿಸಿ ಮತ್ತೆ ಹಾಕಿದರಾಯ್ತು.

ಮುಂದಿನ ಸಲ ಯಾರಾದರೂ ಜೂನಿಯರ್ ಬಂದು ಯಾವ ಓಎಸ್ ಹಾಕ್ಲಿ ಅಂತ ಕೇಳಿದರೆ, ಉತ್ತರ ಹೇಳೋ ಮೊದಲು ಎರಡು ಪ್ರಶ್ನೆ ಕೇಳಿ. ನಿನ್ನ ಹತ್ರ ಲ್ಯಾಪ್‌ಟಾಪ್ ಎಷ್ಟಿದೆ? ಸಬ್‌ಮಿಷನ್ ಯಾವಾಗ?